ಮೀನಿಗೆ ಸಾವಕಾಶವಿಲ್ಲ

ಕ್ರಿ.ಶ. ೨೨೧೭, ಫೆಬ್ರವರಿ ೩೦

ಹಿಂದಿನ ಕಾಲದ ಕೋಡುಗಾರರಿಗೆ, ಅಂದರೆ ಕಂಪ್ಯೂಟರಿಗೆ ಕೋಡ್ ಬರೆಯುವ ನಿಮಗೆ, ನಮಸ್ಕಾರ.

ತಾರೀಖು ತಪ್ಪಿಲ್ಲ, ನಮ್ಮಲ್ಲಿ ಫೆಬ್ರವರಿಗೆ ಮೂವತ್ತು ದಿನ. ಕೆಲವು ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ, ನಿಮ್ಮ ಕನ್ನಡವನ್ನು ನಾನು ಹಳೆಯ ಧ್ವನಿಮುದ್ರಣ ಕೇಳಿ ಕಲಿತವಳು.

ನಾನು ಸುನೇತ್ರಾ ಹರಿಕಂತ್ರ. ಅಘನಾಶಿನಿ ಸಮುದ್ರ ಸೇರುವಲ್ಲಿ ನಮ್ಮ ಬಂದರು. ಅಲ್ಲಿ ಕೂಗಣ್ಣನನ್ನು, ಅಂದರೆ ಮೀನಿನ ಹರಾಜು ಕೂಗುವ ಯಂತ್ರವನ್ನು, ನೋಡಿಕೊಳ್ಳುತ್ತೇನೆ. ದೋಣಿ ಬಂದೊಡನೆ ಅವನು ಮೀನು ಮಾರುವ ಹೆಂಗಸರನ್ನು ಹೆಸರು ಹಿಡಿದು ಕರೆದು, ಬೆಲೆ ಏರಿಸಿ, ಉಸಿರು ಬಿಡುವುದರೊಳಗೆ ಅವರ ಬುಟ್ಟಿ ಮಾರಿಬಿಡುತ್ತಾನೆ. ಆದರೆ ಅವನ ಮಾತು ಅವನೊಬ್ಬನದಲ್ಲ. ಅದೊಂದು ಕೂಡುಗಂಟು: ಹರಾಜುಕಟ್ಟೆ, ದವಾಖಾನೆ, ನದಿ ದಾಟಿಸುವ ತಾರಿದೋಣಿ ಮೂರೂ ಜನರನ್ನು ಹೆಸರು ಹಿಡಿದು ಕರೆಯಲು ಬಳಸುವ ಒಂದೇ ಕೋಡು. ನೀವು ಇದನ್ನು ಲೈಬ್ರರಿ ಎನ್ನುತ್ತಿದ್ದಿರಂತೆ.

ಕಳೆದ ವಾರ ದವಾಖಾನೆಯ ಕೋಡುಗಾರ ಎಲ್ವಿನ್ ಲೋಪಿಸ್, ಕಿವಿ ಮಂದವಾದ ಅಜ್ಜಿಯರಿಗಾಗಿ ಆ ಗಂಟನ್ನೇ ಬಿಚ್ಚಿ ಮಾತನ್ನು ನಿಧಾನಗೊಳಿಸಿದ. ಕರೆದ ಮೇಲೆ ಚಾ ಆಯಿತೇ ಎಂದು ವಿಚಾರಿಸಿ, ಉತ್ತರಕ್ಕೆ ಕಾಯುವಂತೆಯೂ ಮಾಡಿದ. ನಮಗೆ ಯಾರಿಗೂ ಹೇಳಲಿಲ್ಲ.

ಮರುದಿನ ಕೂಗಣ್ಣ ತಾಯಿಯಂತೆ ದನಿ ತೆಗೆದ. "ದೇವಕ್ಕಾ... ಚಾ ಆಯ್ತಾ?"

ಮೀನು ಮಾರುವವರಲ್ಲೆಲ್ಲ ಹಿರಿಯಳಾದ ದೇವಕ್ಕ ತಾಂಡೇಲ್ ಕೂಗಿದಳು: "ಆಯ್ತು ಮಾರಾಯಾ! ನೀ ರೇಟ್ ಹೇಳು, ಬಂಗಡೆ ಹಾಳಾಗ್ತದೆ!"

ಮಂಜುಗಡ್ಡೆ ಕರಗುತ್ತಿತ್ತು, ಘಟ್ಟದ ಮೇಲೆ ಹೋಗುವ ಲಾರಿ ಹೊರಡಲು ಅವಸರಪಡುತ್ತಿತ್ತು. ನಾನು ಯಂತ್ರ ನಿಲ್ಲಿಸಿದೆ. ದೇವಕ್ಕ ಬುಟ್ಟಿ ಮಗುಚಿ, ಅದರ ಮೇಲೆ ಹತ್ತಿ ತಾನೇ ಹರಾಜು ಕೂಗಿದಳು. ಎಂಥ ಕಂಠ! ಒಂದು ಮೀನೂ ಉಳಿಯಲಿಲ್ಲ.

ಆಮೇಲೆ ಮೀನುನೀರಿನ ಸೀರೆಯಲ್ಲೇ ದವಾಖಾನೆಗೆ ನಡೆದಳು, ಹಿಂದೆ ನಾನು. "ನಿಮ್ಮ ಅಜ್ಜಿಯರಿಗೆ ಸಾವಕಾಶ ಬೇಕು, ಸರಿ. ನನ್ನ ಮೀನಿಗೆ ಸಾವಕಾಶ ಇಲ್ಲ ತಮ್ಮಾ."

ಎಲ್ವಿನ್ ನಾಚಿ ನಕ್ಕ. "ತಪ್ಪಾಯ್ತು ದೇವಕ್ಕ. ಸುನೇತ್ರಾ, ನೀವು ನಿಮ್ಮದೇ ಒಂದು ಕಾಪಿ ಇಟ್ಕೊಳ್ಳಿ ಹಾಗಾದ್ರೆ."

ನಾನು ಒಪ್ಪಲಿಲ್ಲ. ಗಂಟು ಒಂದೇ ಆಗಿದ್ದರಿಂದಲೇ, ನಮ್ಮ ಮನೆತನದ ಹೆಸರಿನ ಉಚ್ಚಾರ ಒಮ್ಮೆ ತಿದ್ದಿದಾಗ ಮೂರೂ ಕಡೆ ಸರಿಯಾಗಿತ್ತು. ಕೊನೆಗೆ ಎಲ್ವಿನ್ ಮತ್ತು ನಾನು ಕೂತು ಗಂಟನ್ನು ತಿದ್ದಿದೆವು: ಮೂವರಿಗೂ ಬೇಕಾದ ಹೆಸರು, ಉಚ್ಚಾರಗಳಷ್ಟೇ ಅದರಲ್ಲಿ ಉಳಿದವು. ಮಾತಿನ ವೇಗ ಅವರವರ ಕೈಗೆ ಹೋಯಿತು. ಇನ್ನು ಗಂಟು ಬದಲಾದಾಗಲೆಲ್ಲ ಅದಕ್ಕೆ ಹೊಸ ಸಂಖ್ಯೆ, ಹಳೆಯದೂ ಹಾಗೇ ಉಳಿಯುತ್ತದೆ. ಪರೀಕ್ಷಿಸಿ ನೋಡಿ ಬೇಕೆನಿಸಿದಾಗ ಹೊಸದನ್ನು ತೆಗೆದುಕೊಂಡರಾಯಿತು.

ಕೂಗಣ್ಣನ ಮಾತಿನಿಂದ ಚಾ ವಿಚಾರಿಸುವ ಸಾಲನ್ನು ನಾನು ಅಳಿಸಹೊರಟಾಗ ದೇವಕ್ಕ ಕೈ ಹಿಡಿದಳು. "ಅದೊಂದು ಇರ್ಲಿ ಮಗಾ. ಹರಾಜು ಮುಗಿದ ಮೇಲೆ ಕೇಳ್ಲಿ. ಅಷ್ಟೊತ್ತಿಗೆ ನಮ್ಮನ್ನ ಕೇಳುವವ್ರು ಯಾರಿದ್ದಾರೆ?"

ಈಗ ಹರಾಜುಕಟ್ಟೆ ಖಾಲಿಯಾಗುವಾಗ ಕೂಗಣ್ಣ ಒಬ್ಬೊಬ್ಬರನ್ನೂ ವಿಚಾರಿಸುತ್ತಾನೆ. ಹೆಂಗಸರು ನಗುತ್ತ, ಇಲ್ಲದ್ದು ಇದ್ದದ್ದು ಸೇರಿಸಿ ಉತ್ತರ ಕೊಡುತ್ತಾರೆ.

ನಿಮ್ಮಲ್ಲೊಂದು ಬೇಡಿಕೆ. ಬೇರೆಯವರಿಗೂ ಉಪಯೋಗವಾಗುವ ಕೋಡನ್ನು ನಿಮ್ಮ ಯೋಜನೆಯೊಳಗೇ ಹೂತುಬಿಡಬೇಡಿ, ಹೊರಗಿಡಿ. ಅದನ್ನು ಬದಲಿಸುವ ಮುನ್ನ, ಬಳಸುವವರಿಗೆ ಒಂದು ಮಾತು ಹೇಳಿ. ಅವರ ಮುಖ ನಿಮಗೆ ಕಾಣದಿದ್ದರೂ, ಅವರ ಮುಂದೆ ಮೀನಿನ ಬುಟ್ಟಿ ಇರಬಹುದು.

ನಿಮ್ಮ ಕೈಕೆಲಸವನ್ನು ಇಂದಿಗೂ ಬಳಸುತ್ತಿರುವ,
ಸುನೇತ್ರಾ