ದೂತನ ಮೊದಲ ವಾಕ್ಯ

ಶ್ರೀಧರ ಅಂಕಲ್,

ನಿನ್ನೆ ಬೆಳಿಗ್ಗೆ ಇಲ್ಲಿ ಬ್ರಿಸ್ಬೇನಿನ ಟೂವಾಂಗಿನ ನಿಮ್ಮ ಮನೆಯಲ್ಲಿ ನಾಟಕದ ತಾಲೀಮಿನ ನಡುವೆ ನೀವು ಕಾಫಿ ಲೋಟ ಕೆಳಗಿಟ್ಟು ಎದೆ ಹಿಡಿದುಕೊಂಡಿರಿ. ಆಂಬುಲೆನ್ಸ್ ಬಂತು, ಆಸ್ಪತ್ರೆಗೆ ಹೋದೆವು, ಮಧ್ಯಾಹ್ನದೊಳಗೆ ಎಲ್ಲ ಮುಗಿದುಹೋಯಿತು. ಈಗ ಬ್ರಿಸ್ಬೇನ್ ಏರ್‌ಪೋರ್ಟಿನಲ್ಲಿ ಕುಳಿತು, ಪರ್ತ್‌ನಿಂದ ಬರುವ ಸುಮಿತ್ರಾ ಆಂಟಿಗಾಗಿ ಕಾಯುತ್ತಿದ್ದೇನೆ. ನೀವು ಹೋದದ್ದು ನಿಮ್ಮ ಹೆಂಡತಿಗೆ ಇನ್ನೂ ಗೊತ್ತಿಲ್ಲ. ಹೇಳಬೇಕಾದವಳು ನಾನು. ಹೆದರಿಕೆಯಾಗುತ್ತಿದೆ, ಅಂಕಲ್.

ನೆನಪಿದೆಯೇ, ಪಾತ್ರ ಹಂಚುವ ದಿನ ರಾಣಿಯ ಪಾತ್ರ ನನಗೇ ಎಂದುಕೊಂಡು ರೇಷ್ಮೆ ಸೀರೆ ಉಟ್ಟು ಬಂದಿದ್ದೆ? ನೀವು ಕೊಟ್ಟದ್ದು ದೂತನ ಪಾತ್ರ. ನನ್ನ ಮುಖ ಊದಿದ್ದು ಕಂಡು ನಕ್ಕಿರಿ. "ಅಯ್ಯೋ ಪೆದ್ದಿ, ಹಳೇ ಗ್ರೀಕರ ನಾಟಕದಲ್ಲಿ ದೂತ ಅಂದ್ರೆ ಸಾಮಾನ್ಯ ಅಲ್ಲ. ಅವ್ರು ಸಾವನ್ನ ಸಾಮಾನ್ಯವಾಗಿ ಸ್ಟೇಜ್ ಮೇಲೆ ತೋರಿಸ್ತಿರ್ಲಿಲ್ಲ. ಅದು ಒಳಗೆಲ್ಲೋ ನಡೆದುಹೋಗುತ್ತೆ. ಕಣ್ಣಾರೆ ಕಂಡವನು ಬಂದು ಹೇಳ್ತಾನೆ" ಎಂದಿರಿ.

ರಾಣಿಗೆ ರಾಜನ ಸಾವು ಹೇಳಲು ನಾನು ಪಟ್ಟ ಪಾಡೇನು ಕಡಿಮೆಯೇ! ಪ್ರತಿ ತಾಲೀಮಿನಲ್ಲೂ "ಅಮ್ಮಾ, ಧೈರ್ಯ ತಂದುಕೊಳ್ಳಿ..." ಎಂದು ರಾಗ ಎಳೆಯುತ್ತಿದ್ದೆ. ಮೇಳದ ಆಂಟಿಯರೆಲ್ಲ ಮುಸಿಮುಸಿ ನಗುತ್ತಿದ್ದರು. ನೀವು ಮಾತ್ರ ರೇಗುತ್ತಿದ್ದಿರಿ. "ಮೊದಲ್ನೇ ವಾಕ್ಯದಲ್ಲೇ ಹೇಳ್ಬಿಡು, ರಾಜ ಸತ್ತ ಅಂತ. ಹೇಗೆ, ಏನು ಅನ್ನೋದನ್ನ ಆಮೇಲೆ ಬೇಕಾದಷ್ಟು ಹೊತ್ತು ಹೇಳು. ನಮ್ಮೋರ ಥರ ಸ್ವಲ್ಪ ಸೀರಿಯಸ್ಸು ಅಂದು ಬಸ್ ಹತ್ತಿಸ್ಬೇಡ!" ನಿಮ್ಮ ತಂದೆ ಹೋದಾಗ ನಿಮಗೆ ಹಾಗೆಯೇ ಹೇಳಿದ್ದರಂತೆ. ಮೈಸೂರು ಮುಟ್ಟುವವರೆಗೂ ದೇವರಿಗೆ ಹರಕೆ ಹೊರುತ್ತಲೇ ಇದ್ದಿರಂತೆ.

ನಿನ್ನೆ ನಾವು ಮಾಡಿದ್ದೂ ಅದನ್ನೇ. ಪರ್ತ್‌ನ ಥಾರ್ನ್ಲಿಯಲ್ಲಿರುವ ನಿಮ್ಮ ಅಳಿಯ ಪ್ರಸಾದನಿಗೆ ಆಸ್ಪತ್ರೆಯಿಂದಲೇ ಫೋನ್ ಮಾಡಿದೆ. ನಿಮ್ಮ ಮಗಳು ಆಗ ಹೆರಿಗೆ ನೋವಿನಲ್ಲಿದ್ದಳು. ಬಾಣಂತನಕ್ಕೆಂದು ಹೋಗಿದ್ದ ಆಂಟಿ ಅವಳ ಪಕ್ಕದಲ್ಲೇ ಇದ್ದರು. ಪ್ರಸಾದ ಕಾರಿಡಾರಿಗೆ ಬಂದು ಪಿಸುಗುಟ್ಟಿದ. "ಈಗ ಹೇಳೋದು ಬೇಡ ಮೇಘನಾ. ಹೆರಿಗೆ ಆಗ್ಲಿ. ಆಮೇಲೆ ಅತ್ತೆಗೆ, ಮಾವ ಸ್ವಲ್ಪ ಸೀರಿಯಸ್, ಐಸಿಯುನಲ್ಲಿದಾರೆ ಅಂತೀನಿ. ನಾಳೆ ಆರ್ವೋ, ಮಧ್ಯಾಹ್ನದ ಹೊತ್ತಿಗೆ, ಅಲ್ಲಿರ್ತಾರೆ, ನೀನೇ ಎದುರಿಗೆ ಕೂತು ಹೇಳ್ಬಿಡು." ಹೂಂ ಎಂದೆ. ಅಳುತ್ತಿದ್ದ ಹುಡುಗನ ಹತ್ತಿರ ಬೇರೇನು ಹೇಳಲಿ?

ಹಿಂದೆ ಅಥೆನ್ಸಿನಲ್ಲಿ ಜನರೆಲ್ಲ ಗುಡ್ಡದ ಮಗ್ಗುಲಲ್ಲಿ ಒಟ್ಟಿಗೆ ಕೂತು ನಾಟಕ ನೋಡಿ ಹೆದರುತ್ತಿದ್ದರು, ಅಳುತ್ತಿದ್ದರು, ಹಗುರಾಗಿ ಮನೆಗೆ ಹೋಗುತ್ತಿದ್ದರು ಎಂದು ನೀವು ಒಮ್ಮೆ ಹೇಳಿದ್ದಿರಿ. ಇಲ್ಲಿ ನನ್ನ ಜೊತೆ ಹೆದರಲು ಯಾರಿದ್ದಾರೆ? ಪಕ್ಕದಲ್ಲೊಬ್ಬ ಆರಾಮಾಗಿ ಮೀಟ್ ಪೈ ತಿನ್ನುತ್ತಿದ್ದಾನೆ. ಆಂಟಿ ಕುಸಿದುಬಿದ್ದರೆ ಹಿಡಿಯುವಷ್ಟು ಶಕ್ತಿ ನನಗಿದೆಯೇ? ನನ್ನ ಮುಖ ನೋಡಿಯೇ ಅವರಿಗೆ ಗೊತ್ತಾಗಿಬಿಟ್ಟರೆ... ಮುಂದಿನ ತಿಂಗಳು ಅಡಿಲೇಡಿನ ಮಾಸನ್ ಲೇಕ್ಸ್ ಬಡಾವಣೆಯಲ್ಲಿ ನಮ್ಮ ನಾಟಕವಿತ್ತು. ಸಾವಿರ ಜನರ ಮುಂದೆ ನಿಲ್ಲು ಎಂದರೂ ಈಗ ಓಡಿಹೋಗಿ ನಿಲ್ಲುತ್ತೇನೆ. ಈ ಒಬ್ಬರ ಮುಂದೆ ಮಾತ್ರ ಬೇಡ.

ವಿಮಾನ ಇಳಿದಿದೆ ಎಂದು ಬೋರ್ಡಿನಲ್ಲಿ ಬಂತು. ರಾಗ ಎಳೆಯುವುದಿಲ್ಲ ಅಂಕಲ್, ಮೊದಲ ವಾಕ್ಯದಲ್ಲೇ ಹೇಳುತ್ತೇನೆ. ಆಮೇಲೆ ಅವರು ಎಷ್ಟು ಹೊತ್ತು ಕೇಳಿದರೆ ಅಷ್ಟು ಹೊತ್ತು, ನಿಮ್ಮ ಕಾಫಿ ಲೋಟದಿಂದ ಹಿಡಿದು ಎಲ್ಲವನ್ನೂ ಹೇಳುತ್ತೇನೆ.

ಅದಕ್ಕೆ ಮುಂಚೆ ಒಂದು ಕೆಲಸ ಬಾಕಿ ಇದೆ. ನಿನ್ನೆ ಸಂಜೆ ಆಂಟಿ ಫೋನ್ ಮಾಡಿದ್ದರು. "ನಿನ್ನನ್ನ ಐಸಿಯು ಒಳಗೆ ಬಿಡ್ತಾರಲ್ವಾ? ಹೋಗಿ ಅವರ ಕಿವೀಲಿ ಈ ಸುದ್ದಿ ಹೇಳ್ಬಿಡಮ್ಮ. ಎಚ್ಚರ ಇಲ್ದಿದ್ರೂ ಕೇಳಿಸುತ್ತಂತೆ" ಎಂದರು. ಹೇಳ್ತೀನಿ ಆಂಟಿ ಎಂದುಬಿಟ್ಟೆ. ಬಾಗಿಲು ದಾಟಿ ಬಂದವರು ಮೊದಲು ಕೇಳುವುದು, ಹೇಳಿದೆಯಾ ಎಂದೇ. ನಾನು ಕೊಟ್ಟ ಆ ಮಾತೊಂದಾದರೂ ಸುಳ್ಳಾಗದಿರಲಿ.

ಹೆಣ್ಣು ಮಗು, ಅಂಕಲ್. ನೀವು ಅಜ್ಜ ಆಗಿದ್ದೀರಿ.

ಮೇಘನಾ