ಬಿಟ್ಟುಹೋದವನು ಕೊಟ್ಟ ತೀರ್ಪು

ಬಿಟರ್ ಫೋರ್ಕ್, ಮೊಂಟಾನಾ ಪ್ರಾಂತ್ಯ
9 ಅಕ್ಟೋಬರ್ 1874

ನನ್ನ ಲವೀನಿಯಾ,

ನೀನು ಕ್ಷೇಮವಾಗಿದ್ದೀಯ ಎಂದು ನಂಬಿದ್ದೇನೆ. ನನಗೆ ಮೊಣಕಾಲು ನೋವು ಬಿಟ್ಟರೆ ಬೇರೇನೂ ಇಲ್ಲ. ಇಲ್ಲಿ ಆಗಲೇ ಹಿಮ ಬಿದ್ದಿದೆ.

ಮುಖ್ಯ ಸುದ್ದಿ ಮೊದಲು ಹೇಳಿಬಿಡುತ್ತೇನೆ. ನನ್ನ ಅಧಿಕಾರ ಮುಗಿಯಿತು. ವಾಷಿಂಗ್ಟನ್ನಿನವರು ನನ್ನ ಜಾಗಕ್ಕೆ ಬೇರೊಬ್ಬರನ್ನು ನೇಮಿಸಿದ್ದಾರೆ. ಎರಡೇ ವರ್ಷ ಎಂದು ಹೇಳಿ ಒಹಾಯೋದಿಂದ ಹೊರಟವನು ಎಂಟು ವರ್ಷ ನ್ಯಾಯಪೀಠದಲ್ಲಿ ಕೂತೆ. ಪೀಠವೆಂದರೆ ಹೆಂಡದಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ಹಿಟ್ಟಿನ ಪೀಪಾಯಿ, ಅದರ ಮೇಲೊಂದು ಹಲಗೆ. ಮೂರು ಊರುಗಳ ನಡುವೆ ಕುದುರೆ ಮೇಲೆ ತಿರುಗಿದೆ. ಇಬ್ಬರನ್ನು ನೇಣಿಗೆ ಕಳಿಸಿದೆ. ಅವರ ಹೆಸರು ನಿನಗೆ ಎಂದೂ ಬರೆಯಲಿಲ್ಲ. ಊರಿನವರು ಯಾರೂ ಊಟಕ್ಕೆ ಕರೆಯುತ್ತಿರಲಿಲ್ಲ. ನಾಳೆ ಯಾರ ಮೊಕದ್ದಮೆ ನನ್ನೆದುರು ಬರುತ್ತದೋ ಎಂಬ ಭಯ ಅವರಿಗೆ.

ಕಳೆದ ವಾರದ್ದೇ ನನ್ನ ಕೊನೆಯ ಮೊಕದ್ದಮೆ. ಬಟ್ಟೆ ಒಗೆದು ಬದುಕುವ ಮೆಹಿಟಬೆಲ್ ಕ್ರೋಲ್ ಗಂಡನಿಂದ ಬಿಡುಗಡೆ ಕೇಳಿದ್ದಳು. ಆರು ವರ್ಷದ ಹಿಂದೆ ಚಿನ್ನ ಹುಡುಕಲು ಹೋಗಿದ್ದ ಅವಳ ಗಂಡ ಜಾಸ್ಪರ್, ಸುದ್ದಿ ತಿಳಿದು ಓಡಿಬಂದಿದ್ದ.

“ನಾನೆಲ್ಲಿ ಬಿಟ್ಟಿದ್ದೀನಿ ಸ್ವಾಮಿ?” ಎಂದ. “ಪ್ರತಿ ಕ್ರಿಸ್‌ಮಸ್ಸಿಗೂ ತಪ್ಪದೆ ಕಾಗದ ಬರ್ದಿದ್ದೀನಿ.”

“ಹೌದು ಸ್ವಾಮಿ, ಅಕ್ಷರ ದುಂಡಗಿದೆ,” ಎಂದಳು ಅವಳು. “ಆದ್ರೆ ನಂಗೆ ಜ್ವರ ಬಂದಾಗ ಆ ಕಾಗದ ಎದ್ದು ಗಂಜಿ ಕಾಯ್ಸತ್ತಾ? ಸತ್ತಿದ್ರೆ ಒಂದ್ಸಲ ಅತ್ತು ಸುಮ್ನಾಗ್ತಿದ್ದೆ. ಈ ಮನುಷ್ಯ ಸಾಯಲೂ ಇಲ್ಲ, ಬರಲೂ ಇಲ್ಲ.”

ಜನ ನಕ್ಕರು. ಸುಮ್ಮನಿರಿ ಎನ್ನಲು ನನಗೆ ಬಾಯಿ ಬರಲಿಲ್ಲ. ಬಿಡುಗಡೆ ಕೊಟ್ಟೆ ಎಂದು ಬರೆದು ಸಹಿ ಹಾಕಿದೆ.

ಜಾಸ್ಪರ್ ಹಲಗೆಯ ಹತ್ತಿರವೇ ಬಂದು ನಿಂತ. “ನಿಮ್ಮ ಹೆಂಡ್ತಿ ಎಲ್ಲಿದ್ದಾರೆ ಸ್ವಾಮಿ?”

ಶೆರಿಫ್ ಬಾಷ್ ಅವನ ಕೊರಳಪಟ್ಟಿ ಹಿಡಿದು, “ಒಳಗೆ ಹಾಕ್ಲಾ?” ಎಂದ. ಬೇಡವೆಂದೆ.

“ಒಹಾಯೋದಲ್ಲಿ,” ಎಂದೆ.

“ಅವ್ರನ್ನ ನೋಡಿ ಎಷ್ಟು ವರ್ಷ ಆಯ್ತು?”

“ಎಂಟು.”

ಈ ಸಲ ಯಾರೂ ನಗಲಿಲ್ಲ. ಜಾಸ್ಪರ್ ಕೂಡ ಟೋಪಿ ಕೈಯಲ್ಲಿ ತಿರುಗಿಸುತ್ತಾ, “ತಪ್ಪಾಯ್ತು ಸ್ವಾಮಿ,” ಎಂದು ಹೊರಟುಹೋದ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವನನ್ನು ಕೂಗಿ ಕರೆದು ಜೊತೆಗೆ ಕೂರಿಸಿಕೊಳ್ಳಬೇಕೆನಿಸಿತು.

ರಸ್ತೆ ಕೆಟ್ಟಿದೆ, ಕೆಲಸ ಹೆಚ್ಚಿದೆ ಎಂದು ನಿನಗೆ ಬರೆಯುತ್ತಿದ್ದೆ. ಆದರೆ ದಕ್ಷಿಣಕ್ಕೆ ಕೆಲವು ದಿನದ ಗಾಡಿದಾರಿಯಾಚೆ ರೈಲು ಬಂದು ಐದು ವರ್ಷವಾಯಿತು, ಮನಸ್ಸಿದ್ದರೆ ಬರಬಹುದಿತ್ತು. ಇಲ್ಲಿ ನಾನು ನ್ಯಾಯಾಧೀಶ, ಅಲ್ಲಿ ನಿಮ್ಮಪ್ಪನ ಕಚೇರಿಯ ಸೋತ ವಕೀಲ. ಹಾಗೆ ನಿನ್ನೆದುರು ಬಂದು ನಿಲ್ಲಲು ನಾಚಿಕೆಯಾಯಿತು, ಅಷ್ಟೇ. ಇನ್ನು ಮುಂದೆ ಇಲ್ಲಿಯೇ ಸಣ್ಣಪುಟ್ಟ ವಕೀಲಿಕೆ ಮಾಡಿಕೊಂಡಿರುತ್ತೇನೆ.

ಚಳಿಗೆ ಜೋಪಾನ.

ನಿನ್ನವನೆಂದು ಬರೆಯಲು ಹಕ್ಕಿಲ್ಲದ,
ಈನಕ್ ಥಾರ್ಪ್

ಮರೆತ ಮಾತು: ಮೂರು ವರ್ಷದ ಹಿಂದೆ ಅಂಚೆಗಾಡಿ ಹೊಳೆಯಲ್ಲಿ ಮುಳುಗಿ ನಿನ್ನ ಕಾಗದ ಸಿಗಲಿಲ್ಲ ಎಂದು ಬರೆದಿದ್ದೆ. ಅದು ಸುಳ್ಳು. ನೀನು ಬಿಡುಗಡೆ ಕೇಳಿ ಬರೆದ ಆ ಕಾಗದ ಸಿಕ್ಕಿತ್ತು, ಓದಿದ್ದೆ. ನೀನು ಮತ್ತೆ ಕೇಳಲಿಲ್ಲ, ನಾನು ಬದುಕಿಕೊಂಡೆ. ಬಿಟ್ಟುಹೋದವನು ನಾನೇ ಎಂದು ಒಪ್ಪಿ, ಸಾಕ್ಷಿಗಳ ಮುಂದೆ ಸಹಿ ಹಾಕಿದ ಪತ್ರ ಇದರೊಳಗಿದೆ. ನಿನ್ನೂರಿನ ಕೋರ್ಟಿಗೆ ಅಷ್ಟು ಸಾಕು. ಜನರೆದುರು ನಿಂತು ನೀನು ಏನನ್ನೂ ಹೇಳಬೇಕಾಗಿಲ್ಲ.