ಮಡ್ಡಿ ಮಣ್ಣಿನ ಮಾಳಿಗೆ

ಹೊಸ ಊರು, ಬಾಗಲಕೋಟೆ ತಾಲ್ಲೂಕು
ಶನಿವಾರ, 16 ಸೆಪ್ಟೆಂಬರ್ 2000

ನನ್ನ ದಾನವ್ವಗೆ, ನಿನ್ನ ಹೊಟ್ಟೆಯಲ್ಲಿ ಕೂತು ಒದೆಯುತ್ತಿರುವ ಆ ಪುಟ್ಟ ಜೀವಕ್ಕೂ ಸೇರಿಸಿ, ನಿನ್ನ ಅವ್ವನ ಆಶೀರ್ವಾದ.

ಈ ಕಾಗದವನ್ನು ಒಬ್ಬಳೇ ಕೂತು ಓದು. ನಿಮ್ಮ ಅತ್ತೆ ಏನು ಬಂತು ಎಂದು ಕೇಳಿದರೆ, ಅಂಟಿನುಂಡಿಗೆ ಕೊಬ್ಬರಿ ಎಷ್ಟು ಹಾಕಲಿ ಅಂತ ಅವ್ವ ಕೇಳಿದ್ದಾಳೆ ಎಂದು ಹೇಳಿಬಿಡು. ಫೋನ್ ಮಾಡಬಹುದಿತ್ತು. ಆದರೆ ನಿಮ್ಮ ಓಣಿಯ ಫೋನಿನ ಅಂಗಡಿಯಲ್ಲಿ ಆಡಿದ ಮಾತು ಸಂಜೆಯೊಳಗೆ ಅರ್ಧ ಇಳಕಲ್ಲಿಗೆ ಮುಟ್ಟುತ್ತದೆ. ನಿಮ್ಮಪ್ಪ ತುಳಸಿಗೇರಿ ಹಣಮಪ್ಪನ ಗುಡಿಗೆ ಹೋಗಿದ್ದಾರೆ. ಅವರು ಬರುವಷ್ಟರಲ್ಲಿ ಬರೆದು, ಅಂಚೆ ಡಬ್ಬಿಗೆ ಹಾಕಿ, ಏನೂ ಆಗಿಲ್ಲವೆಂಬಂತೆ ರೊಟ್ಟಿ ಬಡಿಯುತ್ತ ಕೂತಿರಬೇಕು.

ಹೋದ ಕಾಗದದಲ್ಲಿ ನಿನಗೆ ಬಾಣಂತನಕ್ಕೆ ಬರಬೇಡ ಎನ್ನಲು ಏನೇನೋ ನೆವ ಬರೆದಿದ್ದೆ. ನಲ್ಲಿಗೆ ನೀರು ದಿನ ಬಿಟ್ಟು ದಿನ ಬರುತ್ತದೆ, ದವಾಖಾನೆ ದೂರ, ಮಳೆ ಬಂದರೆ ಬಸ್ಸು ಕ್ರಾಸಿನಲ್ಲೇ ಇಳಿಸಿ ಹೋಗುತ್ತದೆ ಅಂತ. ಅದಕ್ಕೆ ನೀನು, ನೀರಿಲ್ಲದಿದ್ದರೆ ಇಲ್ಲಿಂದಲೇ ಕೊಡ ತುಂಬಿಕೊಂಡು ಬರುತ್ತೇನೆ ಎಂದು ಬರೆದೆ. ಓದಿ ನಗು ಬಂತು. ಕೊನೆಯ ಸಾಲು ಓದಿದಾಗ ನಗು ಹೋಯಿತು. "ಅವ್ವಾ, ನಾ ಬರೋದು ನಿನಗ ಬ್ಯಾಡಾಗೇತೇನು?" ಎಂದು ಕೇಳಿದ್ದೀಯಲ್ಲ, ಅಂಥ ಮಾತು ನಿನ್ನ ಕೈಯಿಂದ ಬರೆಸಿದೆನಲ್ಲ ಅಂತ ಎರಡು ದಿನ ನನಗೆ ಊಟ ಸೇರಲಿಲ್ಲ. ಅದಕ್ಕೇ ಈಗ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಗಾಬರಿಯಾಗಬೇಡ, ಗೋಡೆಗೆ ಬೆನ್ನು ಕೊಟ್ಟು ಕೂತು ಓದು.

ವಿಷಯ ನಮ್ಮ ತಲೆಯ ಮೇಲಿನ ಮಣ್ಣಿನ ಮಾಳಿಗೆಯದು.

ನೀನು ಈ ಜಾಗ ನೋಡಿದಾಗ ಮುಂದಿನ ತಗಡಿನ ಖೋಲಿ ಒಂದೇ ಎದ್ದಿತ್ತು. ಸುತ್ತ ಬರೀ ಕಲ್ಲು ಹರವಿದ ಮಡ್ಡಿ. ಹಳೆ ಊರಿಗೆ ಅಣೆಕಟ್ಟಿನ ಹಿನ್ನೀರು ಬಂದು, ಸರಕಾರದವರು ಈ ಎತ್ತರದಲ್ಲಿ ಜಾಗ ಕೊಟ್ಟಾಗ, ಇನ್ನು ಜನ್ಮದಲ್ಲಿ ನೀರು ನಮ್ಮ ಹೊಸ್ತಿಲಿಗೆ ಬರುವುದಿಲ್ಲ ಎಂದು ನಿಮ್ಮಪ್ಪ ಕೈ ಮುಗಿದಿದ್ದರು. ಆದರೆ ಈ ಮಣ್ಣಿನ ಗುಣ ನಮಗೆ ಯಾರಿಗೂ ಗೊತ್ತಿರಲಿಲ್ಲ. ಮೇಲೆ ಹರಳು ಕಲ್ಲು, ಕೆದಕಿದರೆ ಜಿಗಟು ಮಣ್ಣು, ಮೊಳ ಅಗೆದರೆ ಬಂಡೆ. ಬೇಸಿಗೆಯಲ್ಲಿ ಗುದ್ದಲಿ ಹಾಕಿದರೆ ಗುದ್ದಲಿಯ ಬಾಯಿಯೇ ಮಡಚುತ್ತದೆ. ಒಂದು ಹದ ಮಳೆಯಾಗಲಿ, ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಕಾಲಿಗೆ ಹತ್ತಿಕೊಂಡು ಕಾಲು ಎತ್ತಲಾಗುವುದಿಲ್ಲ. ಪಕ್ಕದ ಮನೆ ಅಮೀನಬಿಯ ಒಂದು ಚಪ್ಪಲಿಯನ್ನು ಜೂನ್ ತಿಂಗಳಲ್ಲಿ ಈ ಮಣ್ಣು ನುಂಗಿದ್ದು ಇನ್ನೂ ತಿರುಗಿ ಕೊಟ್ಟಿಲ್ಲ. ನೀರು ಕುಡಿದರೆ ಬಿಡದೆ ಹಿಡಿದುಕೊಂಡು ಉಬ್ಬುತ್ತದೆ. ಬಿಸಿಲು ಬಿದ್ದರೆ ಕೈ ತೂರುವಷ್ಟು ಬಿರಿಯುತ್ತದೆ.

ಇಂಥ ಮಣ್ಣನ್ನು ನಿಮ್ಮಪ್ಪ ಹಿತ್ತಲ ಖೋಲಿಯ ಮಾಳಿಗೆಗೆ ಹಾಕಿದ್ದಾರೆ. ನಿನ್ನ ಬಾಣಂತನಕ್ಕೆಂದೇ ಕಟ್ಟಿದ ಖೋಲಿ ಅದು.

ಹಳೆ ಊರಿನಲ್ಲಿ ಅವರಿಗೆ ಮಾಳಿಗೆ ಮಹಾಂತಪ್ಪ ಎಂದೇ ಹೆಸರಿತ್ತಲ್ಲ. ಮಿರಗದ ಮಳೆಗೆ ಮುಂಚೆ ಊರಿನ ಅರ್ಧ ಮನೆಗಳಿಗೆ ಅವರೇ ಹೋಗಿ ಹಾಳಮಣ್ಣು ಹಾಕಿ ಕೊಡುತ್ತಿದ್ದರು. ಹಾಳುಬಿದ್ದ ಕೋಟೆಯ ಹತ್ತಿರದ ಆ ಬೂದಿಬಣ್ಣದ ಮಣ್ಣು ನಿನಗೆ ನೆನಪಿರಬೇಕು, ಮಳೆಯ ನೀರು ಅದರ ಮೇಲೆ ನಿಲ್ಲದೆ ಜಾರಿ ಹೋಗುತ್ತಿತ್ತು. ಎಲ್ಲಾದರೂ ಹನಿ ಇಳಿದರೆ ಆ ಜಾಗಕ್ಕೆ ಇನ್ನೊಂದು ಪದರ ಹಾಕಿ ಬಡಿಯುವುದು, ಅಷ್ಟೇ. ಆ ಮಣ್ಣೆಲ್ಲ ಈಗ ಹಿನ್ನೀರಿನ ಕೆಳಗೆ. ಬೇರೆ ಕಡೆಯಿಂದ ತರಿಸೋಣ ಎಂದೆ. ಅವರು ಮಡ್ಡಿಯ ಮಣ್ಣನ್ನು ನೆನೆಸಿ, ಮುದ್ದೆ ಮಾಡಿ, ನನ್ನ ಮೂಗಿಗೆ ಹಿಡಿದು, "ಇದರ ಜಿಗಟು ನೋಡ ಇಲ್ಲಿ, ಇದರಾಗ ನೀರು ಇಳದೀತೇನು?" ಎಂದರು. ನನಗೂ ಹೌದೆನಿಸಿತು. ಅಷ್ಟು ವರ್ಷ ಮಾಳಿಗೆ ಹಾಕಿದವರ ಮುಂದೆ ರೊಟ್ಟಿ ಬಡಿಯುವ ನಾನು ಏನು ಹೇಳಲಿ?

ಮೊದಲ ಮಳೆಗೆ ಸೋರಲಿಲ್ಲ. ನಿಮ್ಮಪ್ಪ ಊರೆಲ್ಲ ಎದೆ ಸೆಟೆಸಿ ತಿರುಗಾಡಿದರು. ಆಮೇಲೆ ವಾರ ಬಿಸಿಲು ಬಿತ್ತು, ಮಾಳಿಗೆ ಬಿರಿಯಿತು. ಎರಡನೇ ಮಳೆಗೆ ನೀರು ಆ ಬಿರುಕುಗಳಲ್ಲಿ ನೇರ ಇಳಿಯಿತು. ಅವರು ಮೇಲೆ ಹತ್ತಿ ಇನ್ನೊಂದು ಪದರ ಹಾಕಿದರು. ಅದೂ ಬಿರಿಯಿತು. ಮತ್ತೊಂದು. ಹಳೆ ಮಣ್ಣಿಗೆ ಯಾವ ಔಷಧವೋ ಅದನ್ನೇ ಹೊಸ ಮಣ್ಣಿಗೂ ಕೊಡುತ್ತ ಹೋದರು. ಈಗ ತೊಲೆಯ ಮೇಲೆ ಮೊಳದಷ್ಟು ದಪ್ಪ ಮಣ್ಣು ಕೂತಿದೆ, ಮಳೆಯ ನೀರನ್ನೆಲ್ಲ ಕುಡಿದುಕೊಂಡು ಕೂತಿದೆ. ಹಳೆ ಮನೆಯಿಂದ ಬಿಚ್ಚಿ ತಂದ ಬೇವಿನ ತೊಲೆ ನಡುವೆ ಬಗ್ಗಿದೆ ದಾನವ್ವ. ನಾನು ಸುಮ್ಮನೆ ಹೆದರಿ ಬರೆಯುತ್ತಿಲ್ಲ. ಬಾಗಿಲಲ್ಲಿ ನಿಂತರೆ ಕಣ್ಣಿಗೆ ಕಾಣುತ್ತದೆ. ಮಧ್ಯಾಹ್ನ ಮನೆ ಸ್ತಬ್ಧವಾಗಿದ್ದಾಗ ಒಳಗೆ ಲಟಕ್ ಎನ್ನುತ್ತದೆ, ಹಿಟ್ಟು ನಾದುತ್ತಿದ್ದ ನನ್ನ ಕೈ ಹಿಟ್ಟಿನಲ್ಲೇ ನಿಲ್ಲುತ್ತದೆ.

ಮನೆ ಕಟ್ಟುವ ಗೌಂಡಿ ಅಬ್ದುಲಸಾಬನನ್ನು ಕರೆದು ತೋರಿಸಿದೆ, ನಿಮ್ಮಪ್ಪ ಸಂತೆಗೆ ಹೋದಾಗ. ಅವನು ಮೊದಲು ಒಳಗೆ ಬರಲೇ ಇಲ್ಲ. ಹೊಸ್ತಿಲ ಮೇಲೆ ನಿಂತು ನೋಡಿ, "ಅಕ್ಕಾರ, ಹಸಿ ಇದ್ದಾಗ ಮ್ಯಾಲ ಯಾರೂ ಹತ್ತಬ್ಯಾಡ್ರಿ. ಕೆಳಗೂ ಯಾರೂ ಇರಬ್ಯಾಡ್ರಿ. ಒಣಗಿದ ಮ್ಯಾಲ ಮಣ್ಣು ಇಳಿಸೂಣು" ಎಂದ. ಆಸರೆಗೆ ಒಂದು ಕಂಬ ಕೊಡಬಾರದೇ ಎಂದು ಕೇಳಿದೆ. ಕೊನೆಗೆ ಹೆದರುತ್ತಲೇ ಒಳಗೆ ಬಂದು ಕಂಬ ಕೊಟ್ಟೂ ನೋಡಿದ. ನೆಲವೂ ಅದೇ ಮಣ್ಣಲ್ಲವೇ, ಸೋರಿ ಸೋರಿ ಮೆತ್ತಗಾಗಿದೆ. ಕೆಳಗೆ ಚಪ್ಪಡಿ ಇಟ್ಟರೂ ಬೆಳಗಾಗುವಷ್ಟರಲ್ಲಿ ಚಪ್ಪಡಿ ಒಂದು ಕಡೆ ಇಳಿದು ಕಂಬ ವಾಲಿಕೊಂಡಿತ್ತು.

ಇಷ್ಟೇ ಆಗಿದ್ದರೆ ನೀನು ಬಂದು ತಗಡಿನ ಖೋಲಿಯಲ್ಲೇ ಇರು ಎನ್ನುತ್ತಿದ್ದೆ. ಗಾಳಿಗೆ ತಗಡು ಬಡಿದುಕೊಂಡರೆ ಬಡಿದುಕೊಳ್ಳಲಿ, ಕೂಸಿನ ಕಿವಿಗೆ ಹತ್ತಿ ಇಟ್ಟರಾಯಿತು. ಆದರೆ ನಿಮ್ಮಪ್ಪನಿಗೆ ಈ ಮಾತು ಹೇಳುವುದಕ್ಕೆ ಆಗುವುದಿಲ್ಲ. ಇಳಕಲ್ಲಿನಲ್ಲಿ ನಿನಗೆ ಕುಬಸ ಮಾಡಿ ಉಡಿ ತುಂಬಿದ ದಿನ ನಡೆದದ್ದು ನಿನಗೆ ಗೊತ್ತಿಲ್ಲ. ನೀನು ಒಳಗೆ ಹೆಣ್ಣುಮಕ್ಕಳ ನಡುವೆ ಹಸಿರು ಸೀರೆ ಉಟ್ಟು ಕೂತಿದ್ದೆ. ಹೊರಗೆ ಪಡಸಾಲೆಯಲ್ಲಿ ನಿಮ್ಮ ಅತ್ತೆ ಸಿದ್ದಲಿಂಗವ್ವನವರು ನಗುನಗುತ್ತ, "ಮಡ್ಡಿ ಮ್ಯಾಲಿನ ಹೊಸಾ ಮನಿ, ಅಲ್ಲಿ ಬಾಣಂತಿಗೆ ಮಲಗಾಕ ಒಂದು ಮೂಲಿ ಐತೋ ಇಲ್ಲೋ. ಇಲ್ಲೇ ಆಗಲಿ ಬಿಡ್ರಿ ಬೀಗರ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಅಂದಿರಬೇಕು. ಸುತ್ತ ಕೂತ ಹತ್ತು ಜನ ನಕ್ಕರು. ನಿಮ್ಮಪ್ಪ ಎದ್ದು ನಿಂತು, "ನನ್ನ ಮಗಳ ಬಾಣಂತನ ನನ್ನ ಮನ್ಯಾಗ, ನಾ ಹಾಕಿದ ಮಾಳಿಗಿ ಕೆಳಗ" ಎಂದರು. ಅಂದು ನುಡಿದದ್ದು ಅವರ ಗಂಟಲಲ್ಲಿ ಇನ್ನೂ ಸಿಕ್ಕಿಕೊಂಡಿದೆ.

ಹೋದ ಸೋಮವಾರ ನನಗೆ ತಡೆಯಲಾಗದೆ ಕೇಳಿಯೇಬಿಟ್ಟೆ. ಆ ತೊಲೆಯ ಕೆಳಗೆ ಹಸಿ ಬಾಣಂತಿಯನ್ನು ಮಲಗಿಸುತ್ತೀರಾ ಎಂದೆ. ಅವರು ಸಿಟ್ಟು ಮಾಡಲಿಲ್ಲ. ಎದ್ದು ತಮ್ಮ ಹಾಸಿಗೆ ಸುತ್ತಿ ಎತ್ತಿಕೊಂಡು ಹಿತ್ತಲ ಖೋಲಿಗೆ ಹೋಗಿ, ತೊಲೆ ಬಗ್ಗಿದ ಜಾಗದ ಸರಿಯಾಗಿ ಕೆಳಗೆ ಹಾಸಿದರು. "ಆಕಿ ಬರೂತನಕ ನಾ ಇಲ್ಲೇ ಮಲಗತೇನಿ. ನನ್ನ ಮ್ಯಾಲ ಬೀಳಲಿಲ್ಲಂದ್ರ ನನ್ನ ಮಗಳ ಮ್ಯಾಲೂ ಬೀಳೂದಿಲ್ಲ" ಎಂದರು.

ಅಂದಿನಿಂದ ಅವರು ಅಲ್ಲೇ. ಅಮಾವಾಸ್ಯೆ ಕಳೆದ ಸೋಮವಾರ ನಿನ್ನನ್ನು ಕರೆಯಲು ಟ್ರಾಕ್ಸ್ ಗಾಡಿ ಗೊತ್ತು ಮಾಡಿದ್ದಾರೆ. ಅಲ್ಲಿಯವರೆಗೆ ಮಳೆ ನಿಲ್ಲುವ ಲಕ್ಷಣ ನನಗೆ ಕಾಣುತ್ತಿಲ್ಲ.

ಅವರಿಗೆ ಗೊತ್ತಿಲ್ಲ ಎಂದುಕೊಳ್ಳಬೇಡ. ಜಂತಿಯ ಸಂದಿಯಿಂದ ರಾತ್ರಿಯೆಲ್ಲ ಮಣ್ಣು ಉದುರುತ್ತದೆ. ನಾನು ಏಳುವ ಮುಂಚೆ ಅವರೇ ಎದ್ದು ಅದನ್ನು ಗುಡಿಸಿ ಹೊರಗೆ ಚೆಲ್ಲಿ ಬರುತ್ತಾರೆ. ಮದುವೆಯಾದಾಗಿನಿಂದ ಕಸಬರಿಗೆ ಮುಟ್ಟಿದವರಲ್ಲ. ಮೊನ್ನೆ ಅವರ ತಲೆಗೂದಲಲ್ಲಿ ಮಣ್ಣಿನ ಹರಳು ಕಂಡು ತೆಗೆಯಲು ಹೋದೆ. ಕೈ ಸರಿಸಿದರು. ಹೆದರಿದ ಮನುಷ್ಯ ಹೆದರಿದ್ದೇನೆ ಎನ್ನಲಾರದೆ ಕೂತರೆ ಅವನನ್ನು ಎಬ್ಬಿಸುವುದು ಹೇಗೆ, ನೀನೇ ಹೇಳು. ನಾನು ಅತ್ತು ಕರೆದೆ, ಬೈದೆ, ಬನಶಂಕರಿಗೆ ಹರಕೆ ಹೊತ್ತೆ. ಆಡಿದ ಮಾತಿನಿಂದ ಅವರನ್ನು ಬಿಡಿಸುವುದು ನನ್ನ ಕೈಯಲ್ಲಿಲ್ಲ. ನಿನ್ನ ಕೈಯಲ್ಲಿದೆ.

ಅದಕ್ಕೇ ಕೇಳುತ್ತಿದ್ದೇನೆ. ಕೇಳಲು ನನಗೆ ನಾಚಿಕೆಯಾಗುತ್ತದೆ, ಆದರೂ ಕೇಳುತ್ತೇನೆ. ನಿಮ್ಮಪ್ಪನಿಗೆ ನೀನೇ ಒಂದು ಕಾಗದ ಬರೆ. ತವರಿಗೆ ಬರುವುದಿಲ್ಲ, ಇಳಕಲ್ಲಿನಲ್ಲೇ ಇರುತ್ತೇನೆ ಎಂದು ಬರೆ. ಡಾಕ್ಟರು ಬೇಡವೆಂದರು ಎನ್ನಬೇಡ, ಇಲ್ಲಿಂದ ಡಾಕ್ಟರನ್ನೇ ಕರೆದುಕೊಂಡು ಬರುತ್ತಾರೆ. ಅವ್ವ ಹೇಳಿದಳು ಎಂದರಂತೂ ಹಾಸಿಗೆಗೆ ಇನ್ನೊಂದು ದಿಂಬು ಸೇರಿಸುತ್ತಾರೆ. ನಿನ್ನದೇ ಮನಸ್ಸು ಎಂದು ಬರೆ. ಅಳಿಯಂದಿರು ಪ್ರವೀಣಕುಮಾರ ಅವರನ್ನು ಬಿಟ್ಟಿರಲು ಆಗುವುದಿಲ್ಲ ಎಂದಾದರೂ ಬರೆ. ನಾಚಿಕೆ ಇಲ್ಲದವಳು ಅಂತ ನಿಮ್ಮಪ್ಪ ಒಂದು ದಿನ ಗೊಣಗುತ್ತಾರೆ. ಮಗಳು ಬೀಗರ ಪಾಲಾದಳು ಎಂದು ಜಗಲಿಯಲ್ಲಿ ಮುಖ ಇಳಿಬಿಟ್ಟು ಕೂಡುತ್ತಾರೆ. ಕೂಡಲಿ. ಜಗಲಿಯ ಮೇಲೆ ಮಾಳಿಗೆಯಿಲ್ಲ.

ನಿನಗೆ ಇದು ಎಷ್ಟು ಕಷ್ಟವೆಂದು ನನಗೆ ಗೊತ್ತು. ಚೊಚ್ಚಲು ಹೆರಿಗೆಗೆ ತವರಿಗೆ ಹೋಗದವಳು ಎಂದು ನಿನ್ನನ್ನು ಓಣಿಯವರು ಆಡಿಕೊಳ್ಳುತ್ತಾರೆ. ನಿಮ್ಮ ಅತ್ತೆ ವರ್ಷಗಟ್ಟಲೆ ಇದನ್ನೇ ಎತ್ತಿ ಆಡುತ್ತಾರೆ. ನೀನು ಆರನೇ ತಿಂಗಳಿಂದ ದಿನ ಎಣಿಸುತ್ತಿದ್ದೀ ಎಂಬುದೂ ನನಗೆ ಗೊತ್ತು. ನಾನೇನು ಕಡಿಮೆ ಎಣಿಸಿದ್ದೇನೆಯೇ? ಬೀಗರ ಮನೆಯಲ್ಲಿ ಹೆಣ್ಣಿನ ತಾಯಿ ತಿಂಗಳುಗಟ್ಟಲೆ ಉಳಿದದ್ದನ್ನು ನಮ್ಮವರಲ್ಲಿ ಯಾರೂ ಕಂಡಿಲ್ಲ. ನಾನು ಬಂದು ಉಳಿಯುತ್ತೇನೆ. ಸಿದ್ದಲಿಂಗವ್ವನವರ ಮಾತನ್ನು ಬಿಸಿ ಗಂಜಿಯಂತೆ ಊದಿ ಊದಿ ಕುಡಿಯುತ್ತೇನೆ. ನಿನಗೆ ಎಣ್ಣೆ ನೀರು ಹಾಕಿ, ಕೂಸಿಗೆ ಲೋಬಾನ ಹಾಕಿ, ಎಲ್ಲಾ ನಾನೇ ಮಾಡುತ್ತೇನೆ.

ಇಷ್ಟು ಮಾಡು ನನ್ನವ್ವ. ಕಾಗದ ಬಂದ ದಿನ ಅವರು ತಾವಾಗಿಯೇ ಹಾಸಿಗೆ ಸುತ್ತುತ್ತಾರೆ, ನನಗೆ ನಂಬಿಕೆಯಿದೆ. ಮಳೆ ನಿಂತು ಹೊರಪಾದ ಮೇಲೆ ಅಬ್ದುಲಸಾಬ ಬಂದು ಮಣ್ಣು ಇಳಿಸುತ್ತಾನೆ. ನೀನು ಮೆಟ್ಟಿಲು ಇಳಿಯುವಾಗ ಜೋಕೆ. ಬಲ ಮಗ್ಗುಲಿಗೆ ಮಲಗಬೇಡ. ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು ಬರೆಯುವಂತಿಲ್ಲ, ಹಚ್ಚಿಕೊಳ್ಳುವುದನ್ನೇ ಬರೆದಿದ್ದೇನೆ. ಹೊಟ್ಟೆ ತುಂಬ ಉಣ್ಣು.

ನಿನ್ನ ಹಾದಿ ಕಾಯುತ್ತಲೇ ನಿನ್ನನ್ನು ಬರಬೇಡ ಎನ್ನುತ್ತಿರುವ
ನಿನ್ನ ಅವ್ವ
ಶಿವಬಸವ್ವ

ತಾ.ಕ.: ಇದನ್ನು ಬರೆಯಬಾರದೆಂದಿದ್ದೆ. ಆದರೆ ನಾಳೆ ನಾಡಿದ್ದು ಬರೆದರಾಯಿತು ಎಂದು ನೀನು ತಡ ಮಾಡಬಾರದಲ್ಲ. ಗುರುವಾರದಿಂದ ನಾನೂ ನನ್ನ ಚಾಪೆಯನ್ನು ಹಿತ್ತಲ ಖೋಲಿಗೇ ಒಯ್ದಿದ್ದೇನೆ. ಮಗಳಿಗೆ ಆಗುವ ಮಾಳಿಗೆ ನನಗೂ ಆಗುತ್ತದೆ ಎಂದೆ. ನಿಮ್ಮಪ್ಪ ನನ್ನ ಚಾಪೆಯನ್ನು ದರದರ ಎಳೆದು ಗೋಡೆಯ ಬದಿಗೆ ಹಾಕಿ, ತಾವು ತೊಲೆಯ ಕೆಳಗೆ ಮಲಗಿದರು. ನಾನು ಎಳೆದುಕೊಂಡು ಮತ್ತೆ ಅವರ ಪಕ್ಕಕ್ಕೇ ಬಂದೆ. ಇಬ್ಬರೂ ಕಣ್ಣು ಬಿಟ್ಟುಕೊಂಡು ಮೇಲೆ ನೋಡುತ್ತ ಮಲಗಿರುತ್ತೇವೆ. ಬೇಗ ಬರೆ.